ಎವರೇಜ್ ಬಿದ್ದ ಗಾಡಿಯವರಿಗೆ ಸ್ಟೇಶನ್ ಬಜಾರದಿಂದ ಒಂದು ಬಹಿರಂಗ ಪತ್ರ

ಕಲಬುರಗಿಯ ಸ್ಟೇಶನ್ ಬಜಾರ, ಅದರ ಆಸುಪಾಸಿನ ಬಡಾವಣೆಗಳು ಹಾಗೂ ಕಮಲಾಪುರದ ಎಸ್‌ಯುವಿ ಮಾಲೀಕ ಬಂಧುಗಳಿಗೆ,



ಗ್ಯಾರೇಜಿಗೆ ಬಂದಾಗ ನಿಮ್ಮ ಮಾತು ಹೆಚ್ಚುಕಡಿಮೆ ಒಂದೇ ಥರ ಶುರುವಾಗುತ್ತದೆ. "ಮಿಸ್ತ್ರಿ, ಗಾಡಿ ಎವರೇಜ್ ಕೊಡವಲ್ದು ನೋಡ್ರಿ. ಬರೀ ಡೀಸೆಲ್ ಕುಡೀತದ." ಮೊದಲು ಎಷ್ಟು ಕೊಡುತ್ತಿತ್ತು, ಈಗ ಎಷ್ಟು ಎಂದು ಕೇಳಿದರೆ ಅಂಕಿ ಬರುವುದಿಲ್ಲ, ಕತೆ ಬರುತ್ತದೆ. "ಮೊದ್ಲ ಸಾವಿರ ರೂಪಾಯಿದು ಹಾಕ್ಸಿದ್ರ ಕಮಲಾಪುರಕ್ಕ ಎರಡು ಸಲ ಹೋಗಿ ಬರ್ತಿದ್ದೆ, ಈಗ ಒಂದೂವರೆ ಸಲಕ್ಕ ಮುಳ್ಳು ಕೆಳಗ ಬರ್ತದ." ಅದರ ಬೆನ್ನಿಗೇ ಅಪ್ಪಣೆ: "ಇಂಜೆಕ್ಟರ್ ಬದ್ಲಿ ಮಾಡಿಬಿಡ್ರಿ."

ಈ ಅಪ್ಪಣೆಗಾಗಿಯೇ ಪತ್ರ ಬರೆಯುತ್ತಿದ್ದೇನೆ. ಇಂಜೆಕ್ಟರ್ ಬದಲಿಸಿ ಎಂದು ಹಟ ಹಿಡಿದು ಬರುವ ಎಷ್ಟೋ ಗಾಡಿಗಳಲ್ಲಿ ಇಂಜೆಕ್ಟರ್ ನೆಟ್ಟಗೇ ಇರುತ್ತದೆ. ತೊಂದರೆ ಇರುವುದು ಟೈರಿನಲ್ಲಿ, ಬ್ರೇಕಿನಲ್ಲಿ, ಸೀಳು ಬಿಟ್ಟ ಒಂದು ರಬ್ಬರ್ ಹೋಸಿನಲ್ಲಿ, ಕೆಲವು ಸಲ ನಿಮ್ಮ ಲೆಕ್ಕದಲ್ಲಿ. ಮೊದಲು ಅಳೆಯಬೇಕು, ಆಮೇಲೆ ಪುಕ್ಕಟೆಯಾಗಿ ನೋಡಬಹುದಾದದ್ದನ್ನು ನೋಡಬೇಕು, ತುಟ್ಟಿಯದಕ್ಕೆ ಕೈ ಹಾಕುವುದು ಎಲ್ಲಕ್ಕೂ ಕೊನೆಗೆ.

ಐನೂರು, ಸಾವಿರ ಎಂದು ರೂಪಾಯಿ ಲೆಕ್ಕದಲ್ಲಿ ಹಾಕಿಸುವವರೆಗೆ ಎವರೇಜ್ ಯಾರಿಗೂ ತಿಳಿಯುವುದಿಲ್ಲ. ಟ್ಯಾಂಕ್ ಫುಲ್ ಮಾಡಿಸಿ. ನಾಜಲ್ ತಾನಾಗಿ ಟಕ್ಕೆಂದು ಕಟ್ ಆದ ಕೂಡಲೇ ಸಾಕೆನ್ನಿ. ರೌಂಡ್ ಫಿಗರ್ ಆಗಲೆಂದು ಹುಡುಗ ಮತ್ತೆ ಮತ್ತೆ ಒತ್ತುವುದು ಬೇಡ. ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುನ್ನೂರು-ನಾನೂರು ಕಿಲೋಮೀಟರ್ ಓಡಿದ ಮೇಲೆ ಅದೇ ಬಂಕಿಗೆ ಹೋಗಿ, ಅದೇ ಪಂಪಿನ ಮುಂದೆ ಗಾಡಿಯನ್ನು ಮೊದಲಿನಂತೆಯೇ ನಿಲ್ಲಿಸಿ, ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಬರುವುದು ನಿಮ್ಮ ಎವರೇಜ್. ಒಂದು ಸಲದ ಲೆಕ್ಕವನ್ನು ನಂಬಬೇಡಿ, ಎರಡು-ಮೂರು ಸಲ ಬರೆದಿಡಿ. ಊರೊಳಗಿನ ಓಡಾಟ ಎಷ್ಟು, ಹೈವೇ ಎಷ್ಟು, ಗಾಡಿಯಲ್ಲಿ ಎಷ್ಟು ಮಂದಿ, ಎಸಿ ಇತ್ತೋ ಇಲ್ಲವೋ, ಅದನ್ನೂ ಪಕ್ಕದಲ್ಲಿ ಗೀಚಿಡಿ.

ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ಅಂದಾಜಿನದು. ಇಂಜೆಕ್ಟರಿನಿಂದ ಎಷ್ಟು ಬಿಟ್ಟೆ ಎಂಬ ತನ್ನದೇ ಲೆಕ್ಕದಿಂದ ಕಂಪ್ಯೂಟರ್ ಅದನ್ನು ಹೇಳುತ್ತದೆ. ಆದರೂ ಅದಕ್ಕೊಂದು ಉಪಯೋಗ ಉಂಟು. ಡ್ಯಾಶ್‌ಬೋರ್ಡ್ ಹದಿನಾಲ್ಕು ಎನ್ನುವಾಗ ಟ್ಯಾಂಕಿನ ಲೆಕ್ಕ ಹನ್ನೊಂದೇ ಬಂದರೆ, ಡೀಸೆಲ್ ಇಂಜಿನ್ನಿಗೆ ಹೋಗುವ ಮೊದಲೇ ಎಲ್ಲೋ ಹೋಗುತ್ತಿದೆ: ರಿಟರ್ನ್ ಪೈಪು ಒಸರುತ್ತಿರಬಹುದು, ಫಿಲ್ಟರಿನ ಬುಡ ಒದ್ದೆಯಾಗಿರಬಹುದು, ರಾತ್ರಿ ಯಾರಾದರೂ ಕ್ಯಾನ್ ಹಿಡಿದು ಬರುತ್ತಿರಲೂಬಹುದು. ಎರಡೂ ಅಂಕಿ ಜೊತೆಯಾಗಿ ಇಳಿದಿದ್ದರೆ ಇಂಜಿನ್ನೇ ಹೆಚ್ಚು ತಿನ್ನುತ್ತಿದೆ ಎಂದರ್ಥ. ಬಂಕಿನ ಮೇಲೇ ಅನುಮಾನವಿದ್ದರೆ ಮನಸ್ಸಿನಲ್ಲಿಟ್ಟುಕೊಂಡು ಬೇಯಬೇಡಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು, ಅದರಲ್ಲಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕನದು. 5 ಲೀಟರಿಗೆ 25 ಮಿಲಿಲೀಟರ್ ಆಚೀಚೆ ಇದ್ದರೆ ಮಾಫಿ, ಅದಕ್ಕಿಂತ ಹೆಚ್ಚಾದರೆ ಇಲ್ಲ.

ಅಳೆದ ಮೇಲೆ ಹೋಲಿಸುವುದು ಯಾವುದಕ್ಕೆ? ಶೋರೂಮಿನವರು ಕೊಟ್ಟ ಬ್ರೋಷರ್‌ಗಂತೂ ಬೇಡ. ಆ ಅಂಕಿ ಪ್ರಯೋಗಶಾಲೆಯಲ್ಲಿ ರೋಲರ್ ಮೇಲೆ ಗಾಡಿ ನಿಲ್ಲಿಸಿ, ಎಸಿ ಆರಿಸಿ, ಗಂಟೆಗೆ 90 ಕಿಲೋಮೀಟರ್ ಮೀರದಂತೆ ಓಡಿಸಿ ತೆಗೆದದ್ದು. ಅಲ್ಲಿ ಜಗತ್ ಸರ್ಕಲ್ ಇಲ್ಲ, ಸೂಪರ್ ಮಾರ್ಕೆಟ್ ಇಲ್ಲ, ನಡುರಸ್ತೆಯಲ್ಲಿ ಮಲಗಿದ ಎಮ್ಮೆಯೂ ಇಲ್ಲ. ಹೋಲಿಸಬೇಕಾದದ್ದು ನಿಮ್ಮದೇ ಗಾಡಿಯ ಹಳೆಯ ಅಂಕಿಗೆ. ಅದಿಲ್ಲದವರು ಒಂದು ಕೆಲಸ ಮಾಡಿ. ನಸುಕಿನಲ್ಲಿ, ರಸ್ತೆ ಖಾಲಿ ಇರುವಾಗ ಹುಮನಾಬಾದ್ ಬೇಸ್ ದಾಟಿ, ಮಹಾಗಾಂವ ಕ್ರಾಸ್, ಕುರಿಕೋಟಾ ಸೇತುವೆ ಮೇಲಿಂದ ಕಮಲಾಪುರಕ್ಕೆ 70ರ ಆಜುಬಾಜು ಒಂದೇ ವೇಗದಲ್ಲಿ ಹೋಗಿ, ಅದೇ ವೇಗದಲ್ಲಿ ತಿರುಗಿ ಬನ್ನಿ. ಹೋಗಿ ಬರುವುದು ಯಾಕೆಂದರೆ ಏರು-ಇಳಿತ, ಎದುರುಗಾಳಿ-ಬೆನ್ನಗಾಳಿ ಒಂದಕ್ಕೊಂದು ವಜಾ ಆಗುತ್ತವೆ. ಅಷ್ಟು ದೂರಕ್ಕೆ ಟ್ಯಾಂಕಿನ ಲೆಕ್ಕ ನಿಖರ ಬರುವುದಿಲ್ಲ, ಅಂಥ ಎರಡು-ಮೂರು ಸುತ್ತು ಸೇರಿಸಿ ಲೆಕ್ಕ ಹಾಕಿ. ಈ ರಸ್ತೆಯಲ್ಲಿ ಒಳ್ಳೆಯ ಎವರೇಜ್ ಬಂದು ಊರೊಳಗೆ ಮಾತ್ರ ಬೀಳುತ್ತಿದ್ದರೆ ರೋಗ ಗಾಡಿಗಿಂತ ಓಡಾಟದ ರೀತಿಯಲ್ಲಿದೆ. ಇಲ್ಲೂ ಬಿದ್ದರೆ ಗ್ಯಾರೇಜಿಗೆ ಬನ್ನಿ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಲೀಟರಿಗೆ 14 ಕೊಡುತ್ತಿದ್ದ ಗಾಡಿ 10ಕ್ಕೆ ಇಳಿದರೆ ಸಾವಿರ ಕಿಲೋಮೀಟರಿಗೆ ಇಪ್ಪತ್ತೆಂಟೂವರೆ ಲೀಟರ್ ಹೆಚ್ಚು ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೂ ಎರಡೂವರೆ ಸಾವಿರ ಮೀರಿತು. ಆದರೆ 14ರ ಜಾಗದಲ್ಲಿ 13 ಬಂತೆಂದು ಗಾಡಿ ಬಿಚ್ಚಿಸಬೇಡಿ. ಅಷ್ಟು ವ್ಯತ್ಯಾಸವನ್ನು ಬೇಸಿಗೆಯ ಎಸಿಯೊಂದೇ ಮಾಡುತ್ತದೆ.

ಪೆಟ್ರೋಲ್ ಗಾಡಿಯವರಿಗೆ ಈಗ ಇನ್ನೊಂದು ಸಂಶಯ ಸೇರಿಕೊಂಡಿದೆ, ಎಥೆನಾಲ್. ನಮ್ಮ ಅಫಜಲಪುರ, ಆಳಂದ ಕಡೆ ಕಬ್ಬು ಬೆಳೆಯುವವರು ಅದನ್ನು ಬೈಯುವುದಿಲ್ಲ, ಗಾಡಿ ಇಟ್ಟವರು ಬಿಡುವುದಿಲ್ಲ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಶೇ. 20 ಬೆರೆತಾಗ ಎವರೇಜ್ ಸ್ವಲ್ಪ ಇಳಿಯಲೇಬೇಕು. 2021ರ ನೀತಿ ಆಯೋಗದ ವರದಿ ಇದಕ್ಕೆ ಹೊಂದಿಸಿದ ಹೊಸ ಕಾರುಗಳಿಗೆ ಶೇ. 1ರಿಂದ 2, ಹಳೆಯ ಕಾರುಗಳಿಗೆ ಶೇ. 6ರಿಂದ 7ರಷ್ಟು ಇಳಿಕೆ ಅಂದಾಜು ಮಾಡಿತ್ತು. ಅಂದರೆ 15 ಕೊಡುತ್ತಿದ್ದ ಹಳೆಯ ಗಾಡಿ 14 ಕೊಟ್ಟರೆ ಎಥೆನಾಲನ್ನು ದೂರಿ. 11ಕ್ಕೆ ಬಂದಿದ್ದರೆ ಪಾಪ, ಎಥೆನಾಲನ್ನು ಬಿಟ್ಟುಬಿಡಿ. ಅಂಥ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರ್, ಕೂಲೆಂಟ್ ಟೆಂಪರೇಚರ್ ಸೆನ್ಸರ್, ಪ್ಲಗ್ಗು ನೋಡಬೇಕು. ಆಕ್ಸಿಜನ್ ಸೆನ್ಸರ್ ಕೆಟ್ಟರೆ ಕಂಪ್ಯೂಟರಿಗೆ ಕಣ್ಣು ಕಟ್ಟಿದಂತೆ, ಕಮ್ಮಿಯಾಗದಿರಲಿ ಎಂದು ಹೆಚ್ಚೇ ಸುರಿಯುತ್ತದೆ.

ಇನ್ನು ನಮ್ಮ ಊರಿನದೇ ಕಾಯಿಲೆಗಳು. ಬಿಸಿಲು, ಧೂಳು, ಎರೆ ಮಣ್ಣು, ಈ ಮೂರರಿಂದ ಬರುವ ತೊಂದರೆಗಿಂತ ಈ ಮೂರಕ್ಕೆ ಹೆದರಿ ನಾವೇ ಮಾಡಿಕೊಳ್ಳುವ ತೊಂದರೆ ಹೆಚ್ಚು.

ಎಲ್ಲಕ್ಕಿಂತ ದೊಡ್ಡದು ಥರ್ಮೋಸ್ಟಾಟ್ ವಾಲ್ವ್. ಇಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ನೀರಿನ ದಾರಿಯಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಾಲ್ವ್ ಇದು. ಒಳಗೆ ಮೇಣ ತುಂಬಿದ ಹಿತ್ತಾಳೆಯ ಗುಬುಟು, ಸುತ್ತ ಸ್ಪ್ರಿಂಗು. ಇಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡಿದ್ದು ನೀರನ್ನು ಒಳಗೇ ಸುತ್ತಾಡಿಸುತ್ತದೆ, 80 ಡಿಗ್ರಿ ದಾಟಿದ ಮೇಲೆ ಮೇಣ ಕರಗಿ ಹಿಗ್ಗಿ ಬಾಯಿ ತೆರೆಯುತ್ತದೆ. ಮೇ ತಿಂಗಳಲ್ಲಿ ಯಾವುದಾದರೂ ಗಾಡಿ ಹೀಟ್ ಆಯಿತೆಂದರೆ ನಮ್ಮ ಕಡೆಯ ಎಷ್ಟೋ ಗ್ಯಾರೇಜುಗಳಲ್ಲಿ ಮೊದಲು ಕಿತ್ತೆಸೆಯುವುದು ಇದನ್ನೇ. "ನಮ್ಮ ಬಿಸ್ಲಿಗೆ ಇದ್ಯಾಕ್ ಬೇಕ್ರಿ, ಇದು ಥಂಡಿ ದೇಶದವ್ರಿಗೆ" ಎಂಬ ಮಾತನ್ನು ನೀವೂ ಕೇಳಿರುತ್ತೀರಿ, ತಲೆಯನ್ನೂ ಅಲ್ಲಾಡಿಸಿರುತ್ತೀರಿ. ಹೀಟ್ ಆಗುವುದು ನಿಲ್ಲಬಹುದು. ಆದರೆ ಇಂಜಿನ್ ತನಗೆ ಬೇಕಾದ ಬಿಸಿಗೆ ಇನ್ನು ಬರುವುದೇ ಇಲ್ಲ. ಹೊರಗೆ 43 ಡಿಗ್ರಿ ಬಿಸಿಲಿದ್ದರೂ ಹೈವೇ ಗಾಳಿಗೆ ಒಳಗಿನ ನೀರು 60-65ರಲ್ಲೇ ಉಳಿಯುತ್ತದೆ. ಇಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದು ತಿಳಿದ ಕಂಪ್ಯೂಟರ್ ಹೆಚ್ಚು ಇಂಧನ ಬಿಡುತ್ತಲೇ ಇರುತ್ತದೆ, ಆಯಿಲ್ ದಪ್ಪಗೇ ಉಳಿದು ತಿರುಗುವ ಭಾಗಗಳನ್ನು ಹಿಡಿದಿಡುತ್ತದೆ. ದಿನವಿಡೀ ಚಳಿಗಾಲದ ಬೆಳಗಿನ ಮೊದಲ ಐದು ನಿಮಿಷದಲ್ಲೇ ಓಡಿದ ಹಾಗೆ.

ಇದನ್ನು ಪತ್ತೆ ಹಚ್ಚುವುದು ಬಹಳ ಸುಲಭ. ಊರು ಬಿಟ್ಟು ಮಹಾಗಾಂವ ಕ್ರಾಸ್ ದಾಟಿದ ಮೇಲೂ ಟೆಂಪರೇಚರ್ ಮುಳ್ಳು ನಡುವಿಗೆ ಬಾರದೆ ಕೆಳಗೇ ತೂಗುತ್ತಿದ್ದರೆ, ಸಿಗ್ನಲಿನಲ್ಲಿ ನಿಂತಾಗ ಏರಿ ಓಡುವಾಗ ಇಳಿಯುತ್ತಿದ್ದರೆ, ವಾಲ್ವ್ ಇಲ್ಲ ಅಥವಾ ತೆರೆದೇ ಸಿಕ್ಕಿಕೊಂಡಿದೆ. ಮುಳ್ಳೇ ಇಲ್ಲದ ಹೊಸ ಗಾಡಿಗೆ ಸ್ಕ್ಯಾನರ್ ಹಾಕಿ ನೋಡಬೇಕು. ಹಳೆಯ ವಾಲ್ವನ್ನು ಪರೀಕ್ಷಿಸುವುದಕ್ಕೆ ಚಹಾದ ಪಾತ್ರೆ ಸಾಕು: ನೀರಲ್ಲಿ ಮುಳುಗಿಸಿ ಒಲೆ ಮೇಲಿಟ್ಟರೆ ಕುದಿ ಬರುವ ಮುಂಚೆ ವಾಲ್ವ್ ನಿಧಾನಕ್ಕೆ ಬಾಯಿ ಬಿಡುತ್ತದೆ, ಇಳಿಸಿ ಆರಿಸಿದರೆ ಮುಚ್ಚುತ್ತದೆ. ಎಷ್ಟು ಡಿಗ್ರಿಗೆ ತೆರೆಯಬೇಕು ಎಂಬುದು ಅದರ ಮೇಲೆಯೇ ಕೊರೆದಿರುತ್ತದೆ. ತಣ್ಣೀರಲ್ಲೇ ಬಾಯಿ ತೆರೆದಿರುವುದು ಗುಜರಿಗೆ. ಇನ್ನು ಗಾಡಿ ಹೀಟ್ ಆಗಿದ್ದಕ್ಕೆ ಕಾರಣ ಹುಡುಕಿದರೆ ಬಹುತೇಕ ಸಿಗುವುದು ರೇಡಿಯೇಟರ್ ಮುಂದಿನ ಜಾಲರಿಯಲ್ಲಿ. ಡಿಸೆಂಬರ್-ಜನವರಿಯ ತೊಗರಿ ರಾಶಿ ಕಾಲದಲ್ಲಿ ರಸ್ತೆ ಮೇಲಿನ ಹೊಟ್ಟಿನ ಮೇಲೆ ಹಾಯಿಸಿಕೊಂಡು ಬಂದ ಗಾಡಿಯ ಗ್ರಿಲ್ ಬಿಚ್ಚಿ ನೋಡಿ. ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ತೊಗರಿ ಹೊಟ್ಟು, ಸತ್ತ ಹುಳ, ಕೆಂಪು ಧೂಳು ಸೇರಿ ಕಂಬಳಿಯಷ್ಟು ದಪ್ಪ ಕೂತಿರುತ್ತದೆ. ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟರೆ ಹೋಗುತ್ತದೆ, ಜೋರು ಪ್ರೆಷರ್ ಹೊಡೆದರೆ ತಗಡಿನ ಎಸಳುಗಳೆಲ್ಲ ಮಡಚಿ ಇನ್ನಷ್ಟು ಕೆಡುತ್ತದೆ. ಅದು ಸ್ವಚ್ಛವಾದರೆ ಹೀಟೂ ಇಳಿಯುತ್ತದೆ, ಎಸಿಯ ಭಾರವೂ ಇಳಿಯುತ್ತದೆ.

ಎರಡನೆಯದು ಟೈರ್ ಗಾಳಿ. ಬಿಸಿಲಿಗೆ ಟೈರ್ ಒಡೆಯುತ್ತದೆ ಎಂದು ಬೇಸಿಗೆಯಲ್ಲಿ ಗಾಳಿ ಕಮ್ಮಿ ಹಾಕಿಸುವವರು ನಿಮ್ಮಲ್ಲಿ ಅರ್ಧಕ್ಕರ್ಧ ಮಂದಿ. ನಡೆಯುವುದು ತದ್ವಿರುದ್ಧ. ಗಾಳಿ ಕಮ್ಮಿಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಬಿಸಿಯಾಗುತ್ತದೆ, ಒಡೆಯುವುದು ಆ ಬಿಸಿಗೆ. ಗಾಡಿ ಭಾರವಾಗಿ ಎಳೆಯುವುದೂ ಅದರಿಂದಲೇ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿರುವಷ್ಟೇ ಹಾಕಿಸಿ, ಬೆಳಿಗ್ಗೆ ಟೈರ್ ತಣ್ಣಗಿರುವಾಗ. ಮಂದಿ ತುಂಬಿದಾಗ ಎಷ್ಟು ಎಂಬುದೂ ಅಲ್ಲೇ ಇರುತ್ತದೆ. ಗಾಣಗಾಪುರಕ್ಕೆ ಏಳು ಮಂದಿ ಹೊರಟಾಗ, ಇಲ್ಲವೆ ಕಮಲಾಪುರದ ತೋಟದಿಂದ ಕೆಂಪು ಬಾಳೆಯ ಗೊನೆಗಳನ್ನು ಹಿಂದೆ ಹೇರಿಕೊಂಡು ಬರುವಾಗ ಅದನ್ನು ನೋಡಿ.

ಟೈರಿನ ಮಾತಿಗೇ ಸೇರಿದ್ದು ಇನ್ನೊಂದು. ಗತ್ತಿಗೆಂದು ಅಗಲ ಟೈರ್ ಹಾಕಿಸಿದವರ ಲೆಕ್ಕವೇ ತಪ್ಪಿರುತ್ತದೆ. ಬೊಲೆರೋಗೆ ಕಂಪನಿ ಕೊಡುವ 215/75 ಆರ್15 ತೆಗೆದು 235/75 ಹಾಕಿದರೆ ಗಾಲಿ ಶೇ. 4ಕ್ಕೂ ಸ್ವಲ್ಪ ಹೆಚ್ಚು ದೊಡ್ಡದಾಗುತ್ತದೆ, ಮೀಟರ್ 400 ಎಂದಾಗ ಗಾಡಿ ಓಡಿರುವುದು 417. ಎವರೇಜ್ ಬಿದ್ದದ್ದರಲ್ಲಿ ಒಂದು ಪಾಲು ಬರೀ ಕಾಗದದ ಮೇಲಿನದು. ಅಗಲ ಟೈರಿನ ಎಳೆತ ಮಾತ್ರ ನಿಜವಾದದ್ದು.

ಎರೆ ಮಣ್ಣು ಮಳೆಗಾಲದಲ್ಲಿ ಗಾಲಿಯ ಡಿಸ್ಕಿನೊಳಗೆ ಮೆತ್ತಿಕೊಂಡು ಬಿಸಿಲು ಬಿದ್ದಾಗ ಇಟ್ಟಿಗೆಯಾಗುತ್ತದೆ. ಬ್ರೇಕ್ ಕ್ಯಾಲಿಪರ್ ಸರಿದಾಡುವ ಪಿನ್ನಿನ ರಬ್ಬರ್ ಹರಿದಿದ್ದರೆ ಮಣ್ಣು ಒಳಹೊಕ್ಕು ಗ್ರೀಸ್ ತಿಂದುಹಾಕುತ್ತದೆ. ಆಮೇಲೆ ಬ್ರೇಕ್ ಹಿಡಿಯುತ್ತದೆ, ಬಿಡುವುದಿಲ್ಲ. ಬ್ರೇಕ್ ಒತ್ತಿಕೊಂಡೇ ಓಡುವ ಗಾಡಿ ಎವರೇಜ್ ಕೊಡುವುದು ಹೇಗೆ? ಹತ್ತು ಕಿಲೋಮೀಟರ್ ಓಡಿಸಿ, ಕೊನೆಗೆ ಜೋರು ಬ್ರೇಕ್ ಹಾಕದೆ ತಾನಾಗಿ ನಿಲ್ಲಲು ಬಿಟ್ಟು, ನಾಲ್ಕೂ ಗಾಲಿಗಳ ಹತ್ತಿರ ಕೈ ಒಯ್ದು ನೋಡಿ, ಮುಟ್ಟಬೇಡಿ. ಒಂದು ಗಾಲಿ ಮಾತ್ರ ಕಾದ ತವಾ ಆಗಿದ್ದರೆ ಕಳ್ಳ ಸಿಕ್ಕ. ಜಾಕ್ ಹಾಕಿ ಕೈಯಿಂದ ತಿರುಗಿಸಿದರೆ ಖಾತ್ರಿಯಾಗುತ್ತದೆ. ಹಿಂದಿನ ಗಾಲಿಗಳಿಗೆ ಹ್ಯಾಂಡ್‌ಬ್ರೇಕ್ ಕೇಬಲನ್ನೂ ನೋಡಿಸಿ. ಪಿನ್ ತೊಳೆದು, ಗ್ರೀಸ್ ಹಚ್ಚಿ, ರಬ್ಬರ್ ಹೊಸದು ಹಾಕಿದರೆ ಆಯಿತು. ಪೂರಾ ಕ್ಯಾಲಿಪರ್ ಬದಲಿಸಬೇಕಾಗುವುದು ಅಪರೂಪ.

ಏರ್ ಫಿಲ್ಟರಿನ ಬಗ್ಗೆ ನಿಮಗಿರುವಷ್ಟು ಭಕ್ತಿ ನನಗಿಲ್ಲ. 2009ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ಬೇಕೆಂದೇ ಫಿಲ್ಟರ್ ಕಟ್ಟಿಸಿ ನೋಡಿದರು: ಕಂಪ್ಯೂಟರ್ ಇರುವ ಪೆಟ್ರೋಲ್ ಇಂಜೆಕ್ಷನ್ ಗಾಡಿಗಳಲ್ಲಿ ಪಿಕಪ್ ಬಿತ್ತು, ಎವರೇಜ್ ಹೇಳಿಕೊಳ್ಳುವಷ್ಟು ಬೀಳಲಿಲ್ಲ. ಡೀಸೆಲ್ ಟರ್ಬೋ ಗಾಡಿ ಗಾಳಿ ಸಾಲದೆ ಹೊಗೆ ಉಗುಳುವುದುಂಟು. ಸೇಡಂ, ವಾಡಿಯ ಸಿಮೆಂಟ್ ಲಾರಿಗಳ ಹಿಂದೆ, ಶಹಾಬಾದ್ ಪರಸಿ ಗಣಿಗಳ ಪಕ್ಕ ಓಡಾಡುವವರು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮುಂಚೆಯೇ ಫಿಲ್ಟರ್ ಬದಲಿಸುವುದು ಇಂಜಿನ್ ಬಾಳಿಕೆಗೆ ಒಳ್ಳೆಯದು. ಪಂಚರ್ ಅಂಗಡಿಯ ಗಾಳಿ ಪೈಪಿನಿಂದ ಊದಿಸಿ ಮತ್ತೆ ಹಾಕುವ ಚಟ ಮಾತ್ರ ಬಿಡಿ. ಆ ರಭಸಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತವೆ.

ಡೀಸೆಲ್ ಗಾಡಿಯಲ್ಲಿ ನಾನು ಫಿಲ್ಟರಿಗಿಂತ ಮೊದಲು ಕೈ ಆಡಿಸುವುದು ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ದಪ್ಪ ಹೋಸಿನ ಮೇಲೆ. ಮೇಲಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಬುಡಕ್ಕೆ ಬೆರಳು ಹಾಕಿದರೆ ಜಿಡ್ಡು ಹತ್ತುತ್ತದೆ, ಬಾಗಿಸಿದರೆ ಸೀಳು ಬಾಯಿ ಬಿಡುತ್ತದೆ. ಏರು ಹತ್ತುವಾಗ ಕರಿ ಹೊಗೆ, ಆಕ್ಸಿಲರೇಟರ್ ಒತ್ತಿದಾಗ ಸುಸ್ಸೆಂಬ ಸದ್ದು, ಪಿಕಪ್ ಇಲ್ಲ, ಎವರೇಜ್ ಇಲ್ಲ: ಈ ನಾಲ್ಕೂ ಸೇರಿದರೆ ಹೋಸು ಅಥವಾ ಅದರ ಕ್ಲಾಂಪು. ಇಂಜೆಕ್ಟರಿನ ಖರ್ಚಿನ ಮುಂದೆ ಇದು ಚಿಲ್ಲರೆ.

2020ರ ಏಪ್ರಿಲ್ 1ರ ನಂತರ ಬಂದ ಬಿಎಸ್6 ಡೀಸೆಲ್ ಗಾಡಿಯವರು ಸ್ವಲ್ಪ ಗಮನ ಕೊಡಿ. ನಿಮ್ಮ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಜರಡಿ ಇದೆ. ಮಸಿ ತುಂಬಿದಾಗ ಗಾಡಿ ಹೆಚ್ಚುವರಿ ಡೀಸೆಲ್ ಬಿಟ್ಟು, ಸುಮಾರು 600 ಡಿಗ್ರಿಗೆ ಕಾಯಿಸಿ ಅದನ್ನು ಸುಡುತ್ತದೆ. ಸುಡುವುದಕ್ಕೆ ಒಂದಷ್ಟು ಹೊತ್ತು ಬಿಡದೆ ಓಡಬೇಕು. ಮನೆಯಿಂದ ಸ್ಕೂಲಿಗೆ, ಸ್ಕೂಲಿನಿಂದ ಸೂಪರ್ ಮಾರ್ಕೆಟ್‌ಗೆ ಎಂದು ಎರಡೆರಡು ಕಿಲೋಮೀಟರ್ ಓಡಿಸಿ ಆರಿಸಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮಾರನೇ ದಿನ ಮತ್ತೆ ಮೊದಲಿನಿಂದ. ಡೀಸೆಲ್ ಹೋಗುತ್ತಲೇ ಇರುತ್ತದೆ, ಸುಡದೆ ಉಳಿದದ್ದು ಇಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಖುಷಿಪಡಬೇಡಿ, ಕೂಡಲೇ ತನ್ನಿ. ವಾರಕ್ಕೊಂದು ಸಲ ಕಮಲಾಪುರದವರೆಗೆ ಒಂದೇ ಸಮ ಹೋಗಿ ಬಂದರೆ ಬಹಳಷ್ಟು ಗಾಡಿಗಳ ಡಿಪಿಎಫ್ ಸರಿ ಇರುತ್ತದೆ. ಆಯಿಲ್ ಕೂಡ ಪುಸ್ತಕದಲ್ಲಿ ಬರೆದದ್ದೇ ಹಾಕಿಸಿ. ನಮ್ಮ ಬಿಸಿಲಿಗೆಂದು ದಪ್ಪ ಆಯಿಲ್ ಹಾಕಿದರೆ ಎವರೇಜ್ ಬೀಳುತ್ತದೆ, ಡಿಪಿಎಫ್‌ಗೆ ಒಗ್ಗದ ಆಯಿಲ್ ಆದರೆ ಆ ಜರಡಿಯೂ ಕಟ್ಟುತ್ತದೆ. "ಡಿಪಿಎಫ್ ತೆಗ್ದುಬಿಡ್ರಿ ಮಿಸ್ತ್ರಿ" ಎಂದು ಮಾತ್ರ ಯಾರೂ ಕೇಳಬೇಡಿ. ಅದು ಕಾನೂನುಬಾಹಿರ, ಆ ಹೊಗೆ ನಿಮ್ಮ ಮಕ್ಕಳೇ ಕುಡಿಯಬೇಕು.

ಸ್ಟೇಶನ್ ಹತ್ತಿರದ ಜನ ಎಂದ ಮೇಲೆ ಇದೊಂದು ಹೇಳಲೇಬೇಕು. ಉದ್ಯಾನ್ ಎಕ್ಸ್‌ಪ್ರೆಸ್ ಲೇಟು, ಬೀಗರು ಬರಬೇಕು, ಅಲ್ಲಿಯವರೆಗೆ ಹೊರಗೆ ಎಸಿ ಹಾಕಿಕೊಂಡು ಇಂಜಿನ್ ಆರಿಸದೆ ಕೂತಿರುತ್ತೀರಿ. ದೊಡ್ಡ ಗಾಡಿ ಹಾಗೆ ನಿಂತಲ್ಲೇ ಗಂಟೆಗೆ ಲೀಟರಿನ ಆಜುಬಾಜು ಕುಡಿಯುತ್ತದೆ, ಕಿಲೋಮೀಟರ್ ಮಾತ್ರ ಸೊನ್ನೆ. ತಿರುಪತಿಗೆ ಹೋಗಿ ಬಂದು ಎಷ್ಟೋ ತಿಂಗಳಾದರೂ ಛಾವಣಿಯ ಕ್ಯಾರಿಯರ್ ಬಿಚ್ಚದವರೂ ಇದ್ದೀರಿ. ಹೈವೇಯಲ್ಲಿ ಅದು ಗಾಳಿಗೆ ಅಡ್ಡ ನಿಲ್ಲುತ್ತದೆ, ಖಾಲಿ ಇದ್ದರೂ. ಗಂಟೆಗೆ 110ರಲ್ಲಿ ಗಾಳಿಯ ತಡೆ 80ರಲ್ಲಿದ್ದುದರ ಹೆಚ್ಚುಕಡಿಮೆ ಎರಡು ಪಟ್ಟು. ಎತ್ತರದ ಚೌಕ ಗಾಡಿಗಳಿಗೆ ಇದರ ಪೆಟ್ಟು ಸಣ್ಣ ಕಾರಿಗಿಂತ ಜಾಸ್ತಿ. ಹೊಸ ರಸ್ತೆ ನುಣ್ಣಗಿದೆ ಎಂದು ಮಗ ಹುಮನಾಬಾದಿಗೆ ಎಷ್ಟರಲ್ಲಿ ಹೋಗುತ್ತಾನೆ ಎಂದು ವಿಚಾರಿಸಿಕೊಳ್ಳಿ.

ಇಷ್ಟನ್ನೂ ನೋಡಿ, ಕ್ಲಚ್ ಸ್ಲಿಪ್ ಇಲ್ಲ, ಅಲೈನ್‌ಮೆಂಟ್ ಸರಿ ಇದೆ, ಹೊಗೆಯ ಒಂದಂಶವನ್ನು ಇಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟಿಲ್ಲ ಎಂದಾದ ಮೇಲೆ ಇಂಜೆಕ್ಟರ್. ಅದಕ್ಕೂ ಪರೀಕ್ಷೆ ಉಂಟು. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಪಾರದರ್ಶಕ ಬಾಟಲಿ ತೂಗುಹಾಕಿ ಇಂಜಿನ್ ಚಾಲೂ ಇಡುತ್ತೇವೆ. ನಾಲ್ಕೂ ಸಮನಾಗಿ ತುಂಬಿದರೆ ಈ ಪರೀಕ್ಷೆಯಲ್ಲಿ ಪಾಸು. ಮೂರರಲ್ಲಿ ತಳದಷ್ಟು, ಒಂದರಲ್ಲಿ ಅರ್ಧ ಬಾಟಲಿ ಬಂದರೆ ಆ ಒಂದನ್ನೇ ಬೆಂಚಿಗೆ ಕಳಿಸಬೇಕು. ಈ ಬಾಟಲಿ ನೋಡದೆ ನಾಲ್ಕೂ ಇಂಜೆಕ್ಟರಿಗೆ ಯಾರಿಗೂ ದುಡ್ಡು ಕೊಡಬೇಡಿ, ನನಗೂ ಕೂಡ. ಬಂಕ್ ಪಕ್ಕದ ಅಂಗಡಿಯ ಎವರೇಜ್ ಹೆಚ್ಚಿಸುವ ಬಾಟಲಿಗಳು, ಪೈಪಿಗೆ ಕಟ್ಟುವ ಮ್ಯಾಗ್ನೆಟ್ಟುಗಳು, ಇವುಗಳ ಬಗ್ಗೆ ಬರೆದು ನಿಮ್ಮ ಹೊತ್ತು ಹಾಳು ಮಾಡುವುದಿಲ್ಲ.

ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ಗಾಡಿ ತರುವಾಗ ಲೆಕ್ಕ ಬರೆದ ಡೈರಿಯನ್ನೂ ತನ್ನಿ. ಸಾಧ್ಯವಾದರೆ ರಾತ್ರಿಯೇ ಬಿಟ್ಟು ಹೋಗಿ. ಬೆಳಿಗ್ಗೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದಾಗ ತಿಳಿಯುವುದು ಮಧ್ಯಾಹ್ನ ತಿಳಿಯುವುದಿಲ್ಲ. ರಿಪೇರಿಯಾದ ಮೇಲೆ ಮಿಸ್ತ್ರಿಯ ಪಕ್ಕ ಕೂತು ಒಂದು ಸುತ್ತು ಹೋಗಿ ಬನ್ನಿ, ಬದಲಿಸಿದ ಹಳೆಯ ಸಾಮಾನು ಕೇಳಿ ತಗೊಳ್ಳಿ, ಬಿಲ್ಲಿನಲ್ಲಿ ಏನು ಮಾಡಿದರೆಂದು ಬರೆಸಿಕೊಳ್ಳಿ. ಆಮೇಲೆ ಮತ್ತೆ ಟ್ಯಾಂಕ್ ತುಂಬಿಸಿ ಅಳೆಯಿರಿ. ಅಂಕಿ ಏರದಿದ್ದರೆ ಗಾಡಿ ಸಮೇತ ತಿರುಗಿ ಬನ್ನಿ, ಸುಮ್ಮನೆ ಇನ್ನೊಂದು ಗ್ಯಾರೇಜಿಗೆ ಹೋಗಬೇಡಿ.

ಇತಿ ನಿಮ್ಮವ,
ಸ್ಟೇಶನ್ ಬಜಾರದ ಒಬ್ಬ ಮಿಸ್ತ್ರಿ